ಅತ್ತಿಗೆ ಕ್ಯಾಮೆರಾ ಮುಂದೆ ಕೂತದ್ದು

ನಮ್ಮತ್ತಿಗೆ ಚಿಕ್ಕಬೀರಮ್ಮನಿಗೆ ಮಾತು ಬರುತ್ತದೆ ಅನ್ನುವುದು ನಮಗೆಲ್ಲ ಗೊತ್ತಾದದ್ದು ಒಂದು ಟೀವಿಯ ಮುಂದೆ. ಅಲ್ಲಿವರೆಗೆ ಕಟ್ಟೆಮಳಲವಾಡಿಯ ಆ ಮನೆಯಲ್ಲಿ ಮಾತೆಲ್ಲ ನಮ್ಮಣ್ಣ ದಾಸಯ್ಯನದೇ. ಮಾತು ಬಲ್ಲವನಿಗೆ ಜಗಳವಿಲ್ಲ ಅನ್ನುತ್ತಾರೆ. ಅವನಿಗೆ ಮಾತೂ ಬರುತ್ತಿತ್ತು, ಜಗಳವೂ ಬರುತ್ತಿತ್ತು. ಯಾರಾದರೂ ಅತ್ತಿಗೆಯನ್ನು "ಊಟ ಆಯ್ತಾ?" ಎಂದು ಕೇಳಿದರೆ "ಆಯ್ತು, ಆಯ್ತು" ಎಂದು ಇವನೇ ಹೇಳುವನು. ಅವಳು ಉಂಡಿದ್ದಾಳೋ ಇಲ್ಲವೋ ಇವನಿಗೇನು ಗೊತ್ತು? ಹಾಗಂತ ಕೆಟ್ಟವನಲ್ಲ. ಹೆಂಡತಿಯ ಮೇಲೆ ಪ್ರಾಣವನ್ನೇ ಇಟ್ಟುಕೊಂಡಿದ್ದ. ಅವಳ ಪ್ರಾಣದ ವಿಷಯ ಅವಳಿಗಿಂತ ತನಗೇ ಚೆನ್ನಾಗಿ ಗೊತ್ತು ಎಂದೂ ನಂಬಿದ್ದ, ಅಷ್ಟೆ.

ಅತ್ತಿಗೆ ಸಾಲಿಗ್ರಾಮದ ಹೆಣ್ಣು. ಮದುವೆಯಾಗಿ ಬಂದ ಹೊಸದರಲ್ಲಿ ಹೊಗೆಸೊಪ್ಪಿನ ಎಲೆಗಳನ್ನು ಕಡ್ಡಿಗೆ ಕಟ್ಟಲು ಕೂತರೆ ಸಂಜೆಯವರೆಗೆ ಏಳುತ್ತಿರಲಿಲ್ಲ. ಆಮೇಲಾಮೇಲೆ ಒಂದು ಕೊಡ ನೀರು ತಂದರೂ ಜಗಲಿಯ ಮೇಲೆ ಕುಸಿದು ಕೂರುವಂತಾಯಿತು. ಅಣ್ಣ ಕೂಡಲೇ ಬಸ್ಸು ಹತ್ತಿಸಿಕೊಂಡು ಹುಣಸೂರಿಗೆ ಹೋಗುವನು. ಡಾಕ್ಟರು "ಏನಮ್ಮ ತೊಂದರೆ?" ಅನ್ನುವಷ್ಟರಲ್ಲಿ, "ಸುಸ್ತು ಸಾ, ರಕ್ತ ಕಮ್ಮಿ, ಒಂದು ಟಾನಿಕ್ ಬರ್ಕೊಡಿ" ಅನ್ನುವನು. ಅವನೇ ರೋಗಿ, ಅವನೇ ಡಾಕ್ಟರು! ಕೆಂಪು ಟಾನಿಕ್ಕು ಮನೆಗೆ ಬರುತ್ತಿತ್ತು. ಖಾಲಿಯಾದ ಬಾಟಲಿಗಳಲ್ಲಿ ಅತ್ತಿಗೆ ಸೀಮೆಎಣ್ಣೆ ತುಂಬಿಡುತ್ತಿದ್ದಳು. ಆ ಔಷಧಿಯಿಂದ ಆದ ಉಪಯೋಗ ಅದೊಂದೇ.

ಇದು 2003ರ ಮಾತು. ನಾನಾಗ ಪಿರಿಯಾಪಟ್ಟಣದ ಹತ್ತಿರ ಅಂಗನವಾಡಿ ಟೀಚರು. ಹೊಗೆಸೊಪ್ಪು ಕೀಳುವ ದಿನಗಳಲ್ಲಿ ತವರಿಗೆ ಬಂದವಳು ಅತ್ತಿಗೆಯ ತುಟಿ ನೋಡಿ ಬೆಚ್ಚಿಬಿದ್ದೆ. ನೇರಳೆಹಣ್ಣು ತಿಂದವರ ಹಾಗೆ ನೀಲಿಗಟ್ಟಿತ್ತು. ಅಣ್ಣನ ಜೊತೆ ಚೆನ್ನಾಗಿ ಜಗಳವಾಡಿ, ಎಚ್.ಡಿ. ಕೋಟೆ ಕಡೆಯ ಒಂದು ಟ್ರಸ್ಟ್ ಆಸ್ಪತ್ರೆಗೆ ಇಬ್ಬರನ್ನೂ ಹೊರಡಿಸಿಕೊಂಡು ಹೋದೆ.

ಅಲ್ಲಿನ ಡಾಕ್ಟರಮ್ಮ ಅತ್ತಿಗೆಯ ಎದೆಗೆ ಸ್ಟೆತಸ್ಕೋಪ್ ಇಟ್ಟವರು ಬಹಳ ಹೊತ್ತು ತೆಗೆಯಲೇ ಇಲ್ಲ. ಎದೆಯ ಸ್ಕ್ಯಾನೂ ಮಾಡಿಸಿದರು. ಕೊನೆಗೆ, "ಹಾರ್ಟಿನ ದೊಡ್ಡ ಡಾಕ್ಟರು ನೋಡಬೇಕು. ಬೆಂಗಳೂರಿನವರು. ಆಚೆ ರೂಮಿಗೆ ಬನ್ನಿ" ಎಂದರು.

ಬೆಂಗಳೂರಿನವರು ಆಚೆ ರೂಮಿನಲ್ಲಿ ಹೇಗಿರುತ್ತಾರೆ? ಹೋಗಿ ನೋಡಿದರೆ ಒಂದು ದೊಡ್ಡ ಟೀವಿ, ಅದರ ಮೇಲೆ ಕ್ಯಾಮೆರಾ, ಎದುರಿಗೆ ಒಂದೇ ಒಂದು ಕುರ್ಚಿ. ತಾರಸಿಯ ಮೇಲೆ ಗಾಡಿಚಕ್ರಕ್ಕಿಂತ ದೊಡ್ಡ ಛತ್ರಿ ನಿಲ್ಲಿಸಿದ್ದಾರೆ, ಅದು ಉಪಗ್ರಹದ ಜೊತೆ ಮಾತಾಡುತ್ತದೆ ಎಂದು ಯಂತ್ರ ನೋಡಿಕೊಳ್ಳುವ ಕಾಂತರಾಜ್ ಹೇಳಿದ. ಅಣ್ಣ ತಲೆಯಾಡಿಸಿದ, ಎಲ್ಲ ಮೊದಲೇ ಗೊತ್ತಿದ್ದವನಂತೆ.

ಅತ್ತಿಗೆ ಕುರ್ಚಿಯ ತುದಿಯಲ್ಲಿ ಕೂತಳು. ಟೀವಿ ಬೆಳಗಿತು. ಕನ್ನಡಕದ ಡಾಕ್ಟರೊಬ್ಬರು ಕಾಣಿಸಿಕೊಂಡು, "ನಮಸ್ಕಾರ ಚಿಕ್ಕಬೀರಮ್ಮ" ಎಂದರು. ನನ್ನ ಮೈ ಜುಂ ಎಂದಿತು. ಟೀವಿಯೊಳಗಿನವರು ನಮ್ಮತ್ತಿಗೆಯ ಹೆಸರು ಹಿಡಿದು ಮಾತಾಡಿಸುವುದೆಂದರೇನು! ಅಣ್ಣನಂತೂ ದೇವರ ಮುಂದೆ ನಿಂತವನ ಹಾಗೆ ಕೈ ಮುಗಿದೇ ಮುಗಿದ.

"ಏನಾಗ್ತಿದೆ, ಹೇಳಿ" ಎಂದರು ಡಾಕ್ಟರು.

"ಸುಸ್ತು ಸಾ, ರಕ್ತ ಕಮ್ಮಿ" ಎಂದು ಅಣ್ಣ ಶುರು ಮಾಡಿದ.

ಡಾಕ್ಟರು ಅತ್ತ ಇತ್ತ ನೋಡಿದರು. "ಯಾರು ಮಾತಾಡ್ತಿರೋದು? ನನಗೆ ಕಾಣಿಸ್ತಿಲ್ಲ."

"ನಾನು ಸಾ, ಇವಳ ಯಜಮಾನ" ಎಂದು ಇವನು ಅಂದದ್ದು, ಅವರು ಇನ್ನೇನೋ ಕೇಳಿದ್ದು ಒಂದಕ್ಕೊಂದು ಸಿಕ್ಕಿಕೊಂಡು ಗರಗರ ಎಂದಿತು. ಕಾಂತರಾಜ್ ಕೈ ಎತ್ತಿದ. "ಕುರ್ಚೀಲಿ ಕೂತೋರು ಮಾತ್ರ ಮಾತಾಡ್ಬೇಕು ಕಣ್ರೀ. ಇಬ್ಬರು ಮಾತಾಡಿದ್ರೆ ಸೌಂಡು ಒಡೆದೋಯ್ತದೆ."

ಎಷ್ಟು ಜನ ಹೇಳಿ ಸೋತಿದ್ದರೋ, ಆ ಯಂತ್ರ ನಮ್ಮಣ್ಣನ ಬಾಯಿ ಮುಚ್ಚಿಸಿತು. ಅತ್ತಿಗೆ ಒಮ್ಮೆ ಗಂಡನನ್ನು ನೋಡಿದಳು. ಅವನು ನೆಲ ನೋಡಿದ. ಡಾಕ್ಟರು ಕಾಯುತ್ತಿದ್ದರು. ಅತ್ತಿಗೆ ಸೆರಗು ಸರಿಮಾಡಿಕೊಂಡಳು.

"ಮಲ್ಕಳಕ್ಕಾಗಲ್ಲ ಸಾ" ಎಂದಳು. "ಮಲ್ಕಂಡ್ರೆ ಉಸ್ರು ಕಟ್ತದೆ. ಗ್ವಾಡೆಗೆ ಒರಗಿ ಕೂತ್ಕಂಡೇ ನಿದ್ದೆ ಮಾಡೋದು. ಎಲ್ಡು ವರ್ಸ ಆಯ್ತು."

ಅಣ್ಣ ತಲೆ ಎತ್ತಿದ. ಅವನಿಗೆ ಹೇಗೆ ಗೊತ್ತಿರಬೇಕು? ಸೊಪ್ಪು ಬೇಯಿಸುವಾಗ ಬೆಂಕಿ ಕಾಯುತ್ತಾ ಬ್ಯಾರನ್ ಮನೆಯ ಹತ್ತಿರ ಮಲಗುವನು, ಉಳಿದ ದಿನ ಜಗಲಿಯ ಮೇಲೆ. ಅತ್ತಿಗೆ ಹೇಳುತ್ತಾ ಹೋದಳು. ಚಿಕ್ಕವಳಿದ್ದಾಗ ಜ್ವರ ಬಂದು ಇವತ್ತು ಈ ಮಂಡಿ, ನಾಳೆ ಆ ಮಂಡಿ ಊದಿಕೊಂಡದ್ದು, ಕೆಮ್ಮಿದರೆ ಎಂಜಲಲ್ಲಿ ರಕ್ತದ ಗೆರೆ ಬರುವುದು, ಎದೆಯೊಳಗೆ ಏನೋ ತಪ್ಪು ಹೆಜ್ಜೆ ಹಾಕುವುದು. ಒಂದರ ಹಿಂದೊಂದು, ತಡವರಿಸದೆ. ನನಗೆ ಅಳು ಬಂತು. ಇಷ್ಟು ಮಾತು ಇವಳೊಳಗೆ ಎಲ್ಲಿತ್ತು?

ಡಾಕ್ಟರು ಟೀವಿಯ ಮೇಲೆ ಒಂದು ಚಿತ್ರ ತರಿಸಿದರು. ಕಪ್ಪು ಬಿಳುಪಿನಲ್ಲಿ ಏನೋ ಮುಚ್ಚಿ ತೆರೆಯುತ್ತಿತ್ತು. "ಇದು ನಿಮ್ಮ ಹೃದಯ. ಬೆಳಗ್ಗೆ ಸ್ಕ್ಯಾನಿನಲ್ಲಿ ತೆಗೆದದ್ದು. ಇಲ್ಲಿ ನೋಡಿ, ಈ ಬಾಗಿಲು ಪೂರ್ತಿ ತೆರೀತಾ ಇಲ್ಲ."

ಅತ್ತಿಗೆ ಕುರ್ಚಿಯಿಂದ ಮುಂದಕ್ಕೆ ಬಾಗಿ ಕಣ್ಣು ಕೀಲಿಸಿ ನೋಡಿದಳು. ನಾವೂ ಉಸಿರು ಬಿಗಿಹಿಡಿದು ನೋಡಿದೆವು. ಬದುಕಿರುವವಳ ಗುಂಡಿಗೆಯನ್ನು ಬದುಕಿರುವವಳೇ ಕೂತು ನೋಡುವುದೆಂದರೆ ಅದಕ್ಕಿಂತ ದೊಡ್ಡ ಪವಾಡವನ್ನು ನಾನು ಕಂಡಿಲ್ಲ.

"ನಾನು ಸುಮ್ಕೆ ಕೂತಾಗ್ಲೂ ಇಂಗೇ ಒಡ್ಕತಾ ಇರ್ತದಾ ಸಾ?"

"ಹೌದಮ್ಮ. ಒಂದು ಗಳಿಗೆಯೂ ನಿಲ್ಲಲ್ಲ."

"ಪಾಪ" ಎಂದಳು ಅತ್ತಿಗೆ, ಯಾರದೋ ಮನೆಯ ಹೆಣ್ಣುಮಗಳ ಕಷ್ಟ ಕೇಳಿದವಳಂತೆ.

ಬೆಂಗಳೂರಿಗೆ ಬರಬೇಕು, ತೊಡೆಯ ರಕ್ತನಾಳದಿಂದ ಬಲೂನು ಕಳಿಸಿ ಆ ಬಾಗಿಲು ತೆರೆಯುತ್ತೇವೆ, ಬಿಟ್ಟರೆ ಜೀವಕ್ಕೇ ಅಪಾಯ, ಮಾಡಿದರೂ ಸ್ವಲ್ಪ ಅಪಾಯ ಇದ್ದೇ ಇದೆ ಎಂದು ಡಾಕ್ಟರು ಬಿಡಿಸಿ ಹೇಳಿದರು. ಅಣ್ಣನಿಗೆ ತಡೆಯಲಾಗಲಿಲ್ಲ. "ಊರಲ್ಲಿ ಹಿರೀಕರನ್ನ ಕೇಳಿ ಯೋಳ್ತೀವಿ ಸಾ" ಎಂದ. ಮತ್ತೆ ಗರಗರ.

"ಚಿಕ್ಕಬೀರಮ್ಮ, ನೀವು ಹೇಳಿ. ನಿಮಗೇನು ಬೇಕು?"

ಆ ಮಾತು ಆಕಾಶಕ್ಕೆ ಹೋಗಿ ಬರುವಷ್ಟು ಹೊತ್ತೂ ಅತ್ತಿಗೆ ಯೋಚಿಸಲಿಲ್ಲ. "ಅದನ್ನ ಮಾಡುದ್ರೆ ಮಲ್ಕಬೋದಾ ಸಾ?"

"ಮಲಗಬಹುದು."

"ಅಂಗಾರೆ ಬತ್ತೀನಿ."

ಅಣ್ಣನ ಮುಖ ನೋಡಿದೆ. ಸಿಟ್ಟು ಬರುತ್ತದೆ ಅಂದುಕೊಂಡಿದ್ದೆ. ಅವನು ಟವಲಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದ.

ಒಂದಷ್ಟು ದಿನ ಮಾತ್ರೆ ಕೊಟ್ಟು ಎದೆಯಲ್ಲಿ ತುಂಬಿಕೊಂಡಿದ್ದ ನೀರು ಇಳಿಸಿ, ಆಮೇಲೆ ಬೆಂಗಳೂರಿಗೆ ಕರೆಸಿಕೊಂಡರು. ಬಲೂನಿಗಿಂತ ಅತ್ತಿಗೆಗೆ ಹೆದರಿಕೆ ಇದ್ದದ್ದು ಮಂಚದ ಮೇಲೆ ಅಂಗಾತ ಮಲಗುವುದಕ್ಕೆ. ಒಳಗೆ ಕರೆದುಕೊಂಡು ಹೋದಾಗ ನನ್ನ ಕೈ ಬಿಡಲೊಲ್ಲಳು. ಬಾಗಿಲು ಮುಚ್ಚಿತು. ಅಣ್ಣ ಗೋಡೆಗೆ ಒರಗಿ ಕೂತುಬಿಟ್ಟ.

ಮಧ್ಯಾಹ್ನದ ಹೊತ್ತಿಗೆ ವಾರ್ಡಿಗೆ ತಂದರು. ಸಂಜೆಯವರೆಗೆ ಕಾಲು ಮಡಚಬಾರದು, ನೇರ ಮಲಗಿರಬೇಕು ಎಂದು ನರ್ಸಮ್ಮ ಹೇಳಿ ಹೋದಳು. ಹೇಳುವ ಅಗತ್ಯವೇ ಇರಲಿಲ್ಲ. ಅತ್ತಿಗೆ ಆಗಲೇ ನಿದ್ದೆ ಹೋಗಿದ್ದಳು. ಬಾಯಿ ಸ್ವಲ್ಪ ತೆರೆದುಕೊಂಡು, ಕೈ ಎರಡೂ ಕಡೆ ಚೆಲ್ಲಿ, ಅಂಗಾಲು ಮಂಚದ ಕಂಬಿ ಮುಟ್ಟುವಂತೆ ಉದ್ದಕ್ಕೆ ಮಲಗಿದ್ದಳು. ತುಟಿಯಲ್ಲಿ ಕೆಂಪು ಬಂದಿತ್ತು.

ಅಣ್ಣ ಮಂಚದ ಕಾಲ ಬಳಿ ನಿಂತು ಬಹಳ ಹೊತ್ತು ನೋಡಿದ. ಆಮೇಲೆ ನನ್ನ ಕಡೆ ಬಗ್ಗಿ ಮೆಲ್ಲಗೆ ಕೇಳಿದ:

"ಇವ್ಳು ಇಷ್ಟುದ್ದ ಅವ್ಳೇನಮ್ಮಿ?"