ಹಿಂದಕ್ಕೆ ಬಾಗಿಸಿದ ಸೀಟು

ಬೆಳಕಿನ್ನೂ ಸರಿಯಾಗಿ ಹರಿದಿಲ್ಲ. ಕಾರು ಶೋರೂಮಿನ ಹಿಂಬದಿಯ ವರ್ಕ್‌ಶಾಪಿನಲ್ಲಿ ಒಂದೇ ಒಂದು ಟ್ಯೂಬ್‌ಲೈಟ್ ಉರಿಯುತ್ತಿದೆ. ಅದರಡಿ ನಿಂತ ಕಾರಿನ ಎಂಜಿನ್ ಓಡುತ್ತಿದೆ, ಡ್ರೈವರ್ ಸೀಟು ಖಾಲಿ. ಪಕ್ಕದ ಸೀಟನ್ನು ಪೂರ್ತಿ ಹಿಂದಕ್ಕೆ ಬಾಗಿಸಿ, ನರೆತ ತಲೆಯ ಒಬ್ಬರು ಕಾಯಿಲೆಯವರ ಹಾಗೆ ಮಲಗಿ ಮಗ್ಗುಲು ಬದಲಿಸುತ್ತಿದ್ದಾರೆ.

"ಏನ್ ಕರೆಂಟಣ್ಣ, ಮನೇಲಿ ನಿದ್ದೆ ಸಾಕಾಗ್ಲಿಲ್ವಾ?" ಕಸ ಗುಡಿಸುವಾಕೆ ಕಿಚಾಯಿಸುತ್ತಾಳೆ.

"ಸ್ವಲ್ಪ ಸುಮ್ನಿರಮ್ಮ, ಎಂಜಿನ್ ಕೇಳಿಸ್ಕೋತಿದೀನಿ."

ಕರೆಂಟಣ್ಣ ಇಲ್ಲಿನ ಎಲೆಕ್ಟ್ರಿಷಿಯನ್. ಮುಂದಿನ ಗಾಜಿನ ಕೋಣೆಯಲ್ಲಿ ಟೈ ಕಟ್ಟಿದವರು ಕಾರು ಮಾರಿ, ಗಿರಾಕಿಯ ಜೊತೆ ಹಲ್ಲು ಕಿರಿದು ಫೋಟೊ ತೆಗೆಸಿಕೊಳ್ಳುತ್ತಾರೆ. ಅದೇ ಕಾರು ಕೈಕೊಟ್ಟರೆ ಬಂದು ಬೀಳುವುದು ಇವರ ಮುಂದೆ, ದಿನಕ್ಕೆ ಏಳೆಂಟು. ಸ್ಟಿಯರಿಂಗ್ ಕೆಳಗೆ ತಲೆ ತೂರಿಸಿ ತೂರಿಸಿ ಇವರ ಕುತ್ತಿಗೆ ಒಂದು ಕಡೆಗೆ ವಾಲಿಬಿಟ್ಟಿದೆ. "ನಮ್ಮನೆ ಕಾಲಿಂಗ್ ಬೆಲ್ ಕೆಟ್ಟು ವರ್ಷ ಆಯ್ತು. ಬಂದೋರು ಬಾಗ್ಲು ಬಡೀತಾರೆ. ಇವ್ರಿಗೆ ಕಂಡೋರ ಕಾರಿನ ಚಿಂತೆ" ಎನ್ನುತ್ತಾರೆ ಹೆಂಡತಿ. ಆ ಮಾತಿಗೆ ಇವರು ನಗುವುದಿಲ್ಲ. ನಕ್ಕು ಬಹಳ ದಿನವಾಯಿತಂತೆ.

ಕಾರಣ ಒಂದು ಬಿಳಿ ಕಾರು. ಅದರ ಒಡತಿ ಒಬ್ಬ ಟೀಚರ್. ತಾಯಿಗೆ ಬೆನ್ನುಮೂಳೆಗೆ ಹರಡಿದ ಕಾಯಿಲೆ. ವಾರಕ್ಕೊಮ್ಮೆ ಆಸ್ಪತ್ರೆಗೆ ಕರೆದೊಯ್ಯಬೇಕು. ಅದಕ್ಕೆಂದೇ ಕೊಂಡ ಕಾರು ನಡುರಸ್ತೆಯಲ್ಲಿ ಗಕ್ಕನೆ ನಿಂತುಬಿಡುತ್ತದೆ. ತಾಯಿಯನ್ನು ಬೇರೆ ಗಾಡಿಗೆ ಹತ್ತಿಸಿ, ಇದನ್ನು ವರ್ಕ್‌ಶಾಪಿಗೆ ಎಳೆದು ತಂದರೆ, ಕೀ ತಿರುಗಿಸಿದ ಕೂಡಲೇ ಏನೂ ಆಗಿಲ್ಲವೆಂಬಂತೆ ಸ್ಟಾರ್ಟ್ ಆಗುತ್ತದೆ. ಕಂಪ್ಯೂಟರಿಗೆ ಹಚ್ಚಿದರೆ ಎಲ್ಲ ಸರಿಯಿದೆ ಅನ್ನುತ್ತದೆ. ಕರೆಂಟಣ್ಣ ಬ್ಯಾಟರಿ ಬದಲಿಸುತ್ತಾರೆ, ಪೆಟ್ರೋಲ್ ಪಂಪ್ ಬದಲಿಸುತ್ತಾರೆ, ಒಬ್ಬರೇ ಊರೆಲ್ಲ ಓಡಿಸಿ ನೋಡುತ್ತಾರೆ. ಕಾರು ಒಮ್ಮೆಯೂ ನಿಲ್ಲುವುದಿಲ್ಲ.

"ಆ ಟೀಚರ್‌ಗೆ ಓಡ್ಸೋಕೆ ಬರಲ್ಲ ಅಷ್ಟೇ, ಬಿಟ್ಹಾಕಿ" ಎಂದು ಮ್ಯಾನೇಜರ್ ಕೈತೊಳೆದುಕೊಳ್ಳುತ್ತಾರೆ. ಕರೆಂಟಣ್ಣನ ಬಗ್ಗೆ ಬರೆಯಲು ಬಂದ ನನಗೆ ಇದನ್ನು ಕೇಳಿ ಮೈ ಉರಿಯಿತು. ಆದರೆ ಅವರು ತಮ್ಮನ್ನೂ ಬಿಡುವುದಿಲ್ಲ, ನನಗೆ ಹೇಳುತ್ತಾರೆ: "ನಾನೂ ಹಂಗೇ ಅಂದ್ಕೊಂಡೆ ಸರ್. ಸುಳ್ಳು ಯಾಕೆ ಹೇಳ್ಲಿ."

ಒಂದು ದಿನ ತಾಯಿಗೆ ಪ್ರಜ್ಞೆ ತಪ್ಪುತ್ತದೆ. ಮಗಳು ಕಾರಿನಲ್ಲಿ ಹಾಕಿಕೊಂಡು ಹೊರಟರೆ ಅದು ಮೇಲ್ಸೇತುವೆಯ ನಡುವೆ ನಿಲ್ಲುತ್ತದೆ. ಬೇರೆ ಗಾಡಿ ಬಂದು ಆಸ್ಪತ್ರೆ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ.

ಕೆಲವು ತಿಂಗಳ ಮೇಲೆ ಟೀಚರ್ ಮಾಮೂಲಿ ಸರ್ವಿಸ್‌ಗೆ ಬರುತ್ತಾರೆ, ಥ್ಯಾಂಕ್ಸ್ ಹೇಳುತ್ತಾರೆ. "ಅಮ್ಮ ಹೋದ್ಮೇಲೆ ಕಾರು ಒಂದ್ಸಲಾನೂ ನಿಂತಿಲ್ಲ ಅಣ್ಣ. ಕೊನೆಗೂ ನಿಮ್ಮ ರಿಪೇರಿ ಹಿಡೀತು."

"ಅದು ಕೇಳಿ ನಂಗೇ ಅನುಮಾನ ಬಂತು ಸರ್," ಎನ್ನುತ್ತಾರೆ ಕರೆಂಟಣ್ಣ. "ತೊಂದ್ರೆ ಏನಂತ ನಂಗೆ ಸಿಕ್ಕೇ ಇರ್ಲಿಲ್ವಲ್ಲ. ಅಮ್ಮ ಎಲ್ಲಿ ಕೂರ್ತಿದ್ರು ಅಂತ ಕೇಳ್ದೆ. 'ಕೂರೋಕೆಲ್ಲಿ ಆಗ್ತಿತ್ತು, ಪಕ್ಕದ ಸೀಟ್ ಪೂರ್ತಿ ಬಾಗಿಸಿ ಮಲಗಿಸ್ತಿದ್ದೆ' ಅಂದ್ರು."

ಅವರು ಸೀಟು ಬಾಗಿಸಿ ತಾವೇ ಮಲಗಿ ಹೊರಳುತ್ತಾರೆ. ಎಂಜಿನ್ ಆರುತ್ತದೆ. ಏಳುತ್ತಾರೆ, ಸ್ಟಾರ್ಟ್ ಆಗುತ್ತದೆ. ನೆಲಹಾಸು ಕಿತ್ತರೆ, ಪೆಟ್ರೋಲ್ ಪಂಪಿಗೆ ಹೋಗುವ ವೈರು ಸೀಟಿನ ಕಂಬಿಗೆ ಉಜ್ಜಿ ಒಳಗೊಳಗೇ ತುಂಡಾಗಿದೆ. ಬಾಗಿಸಿದ ಸೀಟಿನ ಮೇಲೆ ಭಾರ ಬಿದ್ದು ಅಲುಗಿದರೆ ತುದಿಗಳು ಬಿಡುತ್ತವೆ, ಎದ್ದರೆ ಮತ್ತೆ ತಾಗುತ್ತವೆ. ಆ ತಾಯಿ ಮಲಗಿದಾಗ ಮಾತ್ರ ಕೆಡುವ ಕಾರು. ಸರಿಮಾಡುವುದು ಅರ್ಧ ಗಂಟೆಯ ಕೆಲಸ.

ಬಾಯಿ ಮುಚ್ಚಿಕೊಂಡಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಅವರ ಮನಸ್ಸು ಒಪ್ಪಲಿಲ್ಲ, ಹೇಳಿಬಿಟ್ಟರು. "ಬೈತಾರೆ, ಹೊಡೀತಾರೆ ಅಂತ ಕಾದೆ. ಏನೂ ಇಲ್ಲ. ಆ ಸೀಟನ್ನೇ ನೋಡ್ತಾ, 'ಹಂಗಾದ್ರೆ ಬಾಗಿಸಿದ್ದು ನಾನೇ ಅಲ್ವಾ ಅಣ್ಣ' ಅಂದ್ರು. ಅಲ್ಲಮ್ಮ ಅನ್ನೋಷ್ಟ್ರಲ್ಲಿ ಹೊರಟೋಗಿದ್ರು."

ಬಿಳಿ ಕಾರು ಮತ್ತೆ ಇತ್ತ ಬಂದಿಲ್ಲ. ಇವರು ಫೋನ್ ಮಾಡಿದರೆ ಟೀಚರ್ ಎತ್ತುವುದಿಲ್ಲ. ಅಂದಿನಿಂದ ಯಾವ ಕಾರು ಬಂದರೂ ಇವರು ಅದರ ಒಂದೊಂದು ಸೀಟಿನಲ್ಲೂ ಕೂತು, ಮಲಗಿ, ಹೊರಳಾಡಿ ನೋಡುತ್ತಾರೆ. ಪರೀಕ್ಷೆಗೆ ಓಡಿಸುವಾಗ ಪಕ್ಕದಲ್ಲಿ ಕೂರಲು ಒಬ್ಬರನ್ನು ಕೊಡಿ ಎಂದು ಕೇಳಿದ್ದಕ್ಕೆ ಮ್ಯಾನೇಜರ್, "ಸುಮ್ನೆ ಕೂರೋಕೂ ಸಂಬಳ ಕೊಡ್ಬೇಕಾ?" ಅಂದರಂತೆ.

ಇಂಥ ಲೇಖನಕ್ಕೆ ಕೊನೆಯಲ್ಲೊಂದು ಆಸೆ ಬೇಕಲ್ಲ, ನಿಮ್ಮದೇನು ಎಂದು ಕೇಳುತ್ತೇನೆ. ಕುತ್ತಿಗೆ ನೋವಿಗೆ ರಜೆ ಕೇಳುತ್ತಾರೆಂದುಕೊಂಡಿದ್ದೆ. ಅವರು ಹಳೇ ಬಟ್ಟೆಯಲ್ಲಿ ಕೈ ಒರೆಸಿಕೊಳ್ಳುತ್ತಾರೆ.

"ಆ ಟೀಚರ್ ಒಂದ್ಸಲ ಬಂದು ಬಾಯಿಗೆ ಬಂದಂಗೆ ನನ್ನ ಬೈಲಿ ಸರ್. ಅವ್ರು ಹೊತ್ಕೊಂಡು ಹೋಗಿರೋ ತಪ್ಪು ನಂದು. ಅದನ್ನ ನಂಗೆ ವಾಪಸ್ ಕೊಟ್ಟು ಹೋಗ್ಲಿ."