ನಮ್ಮಣ್ಣ ಕಲ್ಲುಮ್ಮಕಾಯಿ ಅಲ್ಲ

ಮೊನ್ನೆ ಭಾನುವಾರ, ಅಣ್ಣ ಮದುವೆಯಾಗಬೇಕಿದ್ದ ಲತಿಕಾಳ ದೊಡ್ಡಪ್ಪ ನಮ್ಮ ಮನೆ ಜಗಲಿಯಲ್ಲಿ ಕೂತು, ಕಾಫಿ ಪೂರ್ತಿ ಕುಡಿದು, ಆಮೇಲೆ ಈ ಸಂಬಂಧ ಬೇಡ ಅಂದರು.

ಅಣ್ಣ ಪಕ್ಕದಲ್ಲೇ ಕೂತಿದ್ದ. ಅವನಿಗೆ ಎದುರಿದ್ದವರ ಮುಖ ಕಾಣುವುದಿಲ್ಲ, ಆದರೆ ಕಿವಿ ಕೇಳುತ್ತದಲ್ಲ...

ಡಿಗ್ರಿ ಮುಗಿಸಿದ ವರ್ಷ ಅಣ್ಣನ ಕಣ್ಣು ಹೋಯಿತು. ಮೊದಲು ಒಂದು, ಕೆಲವು ವಾರ ಬಿಟ್ಟು ಇನ್ನೊಂದು. ಮೈಸೂರಿನ ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿ, ಇದು ಮೈಟೊಕಾಂಡ್ರಿಯಾದ ಡಿಎನ್‌ಎ ದೋಷ ಅಂದರು.

ನಮ್ಮ ಜೀವಕೋಶಗಳಿಗೆ ಶಕ್ತಿ ತಯಾರಿಸಿ ಕೊಡುವ ಆ ಪುಟ್ಟ ಭಾಗಕ್ಕೆ ತನ್ನದೇ ಡಿಎನ್‌ಎ ಇರುತ್ತದಂತೆ. ಅದು ಮಕ್ಕಳಿಗೆ ಬರುವುದು ಅಮ್ಮನಿಂದ. ಅಪ್ಪನ ಕಡೆಯಿಂದ ಬಂದದ್ದನ್ನು ಅಂಡಾಣು ಒಳಗೇ ನಾಶ ಮಾಡಿಬಿಡುತ್ತದೆ.

ತಾಯಿ ಕಡೆ ಯಾರಿಗಾದರೂ ಹೀಗೆ ಆಗಿತ್ತಾ ಅಂತ ಡಾಕ್ಟರು ಕೇಳಿದಾಗ, ಅಪ್ಪ ಎದೆಯುಬ್ಬಿಸಿ ನಮ್ಮ ಮನೆತನದಲ್ಲಿ ಯಾರಿಗೂ ಇಲ್ಲ ಅಂದಿದ್ದರು. ಮನೆತನ ಅಂದರೆ ಅಪ್ಪನ ಮನೆತನ. ಅಮ್ಮ ಹೊರಗೆ ಬೆಂಚಿನ ಮೇಲೆ ಕೂತಿದ್ದಳು.

ಇದೆಲ್ಲ ಲತಿಕಾಗೆ ಗೊತ್ತಿತ್ತು. ಬಿಟ್ಟಂಗಾಲ ಕಡೆಯ ಹುಡುಗಿ, ಅಣ್ಣನ ಜೊತೆ ಓದಿದವಳು. ಎಲ್ಲ ತಿಳಿದೇ ಅವನನ್ನು ಮದುವೆಯಾಗುತ್ತೇನೆ ಅಂದಿದ್ದಳು. ಆದರೆ ಮಾತುಕತೆಗೆ ಬಂದದ್ದು ಅವಳಲ್ಲ, ಅವಳ ದೊಡ್ಡಪ್ಪ.

ಅವರು ರಿಟೈರ್ಡ್ ಸೈನ್ಸ್ ಮೇಷ್ಟ್ರು. ಇದು ಅಮ್ಮನಿಂದ ಮಾತ್ರ ಬರುತ್ತದೆ ಎಂಬ ಡಾಕ್ಟರ ಮಾತನ್ನು ನಾವು ಹೇಳಿದ ಕೂಡಲೇ ಮೊಬೈಲ್ ತೆಗೆದು ನನ್ನ ಕೈಗೆ ಕೊಟ್ಟರು. ಅಪ್ಪನಿಂದಲೂ ಬರುತ್ತದೆ, ಇಲ್ಲೇ ಬರೆದಿದೆ, ಓದು ಅಂದರು.

ಓದಿದೆ. ಪೂರ್ತಿ ಓದಿದೆ.

ಕಲ್ಲುಮ್ಮಕಾಯಿ ಜಾತಿಯ ಕೆಲವು ಚಿಪ್ಪುಜೀವಿಗಳಲ್ಲಿ ಅಪ್ಪನ ಮೈಟೊಕಾಂಡ್ರಿಯಾ ಗಂಡುಮರಿಗಳಿಗೆ ಹೋಗುತ್ತದೆ, ನಿಜ. ಮನುಷ್ಯರಲ್ಲಿ ತೀರಾ ಅಪರೂಪಕ್ಕೆ ಕಂಡಿದೆ ಎಂದು ಕೆಲವರು ಹೇಳಿದ್ದಾರೆ, ಅದನ್ನೂ ಬೇರೆ ವಿಜ್ಞಾನಿಗಳು ಒಪ್ಪಿಲ್ಲ. ಅದೇ ಲೇಖನದ ಕೆಳಗಿತ್ತು. ಮೇಷ್ಟ್ರು ಅಲ್ಲಿಯವರೆಗೆ ಇಳಿದೇ ಇರಲಿಲ್ಲ.

ಮೈಯೆಲ್ಲ ಉರಿದುಹೋಯಿತು. ನಾಪೋಕ್ಲು ಪೇಟೆಯಲ್ಲಿ ಹುರಿದು ಮಾರುವ ಕಲ್ಲುಮ್ಮಕಾಯಿಯನ್ನು ಸಾಕ್ಷಿಗೆ ತಂದು ನನ್ನ ಅಣ್ಣನ ಮದುವೆ ಮುರಿಯುತ್ತಾರಲ್ಲ!

ಅದಕ್ಕಿಂತ ದೊಡ್ಡದು ಆಮೇಲೆ ಬಂತು. ಎದ್ದು ಹೊರಡುವವರು ಮತ್ತೆ ಕೂತು, ತಮ್ಮ ಮಗನಿಗೆ ನನ್ನನ್ನು ಕೇಳಿದರು. ನಾನು ಬೆಪ್ಪಾದೆ. ಈಗ ತಾನೇ ಕಾಯಿಲೆಯ ಮನೆ ಅಂದವರು ಇವರೇ ತಾನೇ?

ಮೇಷ್ಟ್ರಿಗೆ ಅದರಲ್ಲಿ ಎಂಥದೂ ವಿಚಿತ್ರ ಕಾಣಲಿಲ್ಲ.

"ಗೂಡೆ ನಮ್ಮ ಮನೆಗೆ ಬಂದ ಮೇಲೆ ನಮ್ಮವಳೇ ಅಲ. ಅಲ್ಲಿನ ಕಾಯಿಲೆ ಇಲ್ಲಿಗೆ ಎಂತಕೆ ಬಂದದೆ?"

ಹುಡುಗಿ ಮದುವೆಯಾಗಿ ಹೊಸ್ತಿಲು ದಾಟಿದರೆ ಮನೆಯ ಹೆಸರು ಬದಲಾಗುತ್ತದೆ, ಸರಿ. ಮೈಯೊಳಗಿನದ್ದೂ ಬದಲಾಗುತ್ತದಾ? ಅಪ್ಪನ ಮುಖದಲ್ಲಿ ಸಣ್ಣ ಆಸೆ ಮೂಡಿದ್ದು ಕಂಡು ನನಗೆ ಇನ್ನೂ ಸಿಟ್ಟು ಬಂತು.

"ಮಾವ, ಅಣ್ಣನ ಮಕ್ಕಳಿಗೆ ಇದು ಬರುದಿಲ್ಲೆ. ನನ್ನ ರಕ್ತಲಿ ಅದೇ ದೋಷ ಉಟ್ಟು. ನನ್ನ ಮಕ್ಕಳಿಗೆ ಬರ್ಬೌದು."

ಮೇಷ್ಟ್ರು ಚಪ್ಪಲಿ ಹಾಕಿಕೊಂಡು ಹೋದರು. ಈಗ ಅವರಿಗೆ ಅಣ್ಣನೂ ಬೇಡ, ನಾನೂ ಬೇಡ.

ಬಾಯಿ ಮುಚ್ಚಿಕೊಂಡಿದ್ದರೆ ನೀನಾದರೂ ಒಂದು ದಡ ಸೇರುತ್ತಿದ್ದೆ ಅಂತ ಅಪ್ಪ ಬೈದರು. ಯಾವ ದಡ? ನಾಳೆ ನನ್ನ ಮಗನ ಕಣ್ಣು ಹೋದಾಗ ಆ ಮನೆಯವರು ನನ್ನನ್ನು ಏನು ಮಾಡುತ್ತಿದ್ದರು?

ಲತಿಕಾ ಇನ್ನೂ ಹಟ ಬಿಟ್ಟಿಲ್ಲ. ದಿನಾ ಫೋನ್ ಮಾಡುತ್ತಾಳೆ. ಆದರೆ ಅವಳ ಮನೆಯಲ್ಲಿ ಯಾರೂ ಅವಳ ಜೊತೆ ಮಾತಾಡುತ್ತಿಲ್ಲವಂತೆ.

ಅವತ್ತು ಸಂಜೆ ಅಡುಗೆಮನೆಯಲ್ಲಿ ಅಮ್ಮ ಅಕ್ಕಿ ಆರಿಸುತ್ತಾ, ನನ್ನ ಮುಖ ನೋಡದೆ ಒಂದು ಮಾತು ಹೇಳಿದಳು.

"ನನ್ನ ಅವ್ವನ ಅಣ್ಣಂಗೂ ಹಿಂಗೇ ಕಣ್ಣು ಹೋಗಿತ್ತ್. ಅದ್ ಬೇರೆ ಮನೆ ಅಲ... ಯಾರೂ ಕೇಳಿತ್ಲೆ."

ಇಷ್ಟು ವರ್ಷ ಒಂದೇ ಸೂರಿನಡಿ ಇದ್ದೇವೆ. ಅಪ್ಪ ಕೇಳಲಿಲ್ಲ, ನಾನೂ ಕೇಳಲಿಲ್ಲ.

ಸಂಬಂಧ ನೋಡುವಾಗ ಮನೆತನ ಯಾವುದು ಅಂತ ಕೇಳುವವರೇ, ನಿಮ್ಮ ಅಮ್ಮನ ಅಮ್ಮ ಯಾವ ಮನೆಯವರು, ನಿಮಗೆ ಗೊತ್ತಾ?