ತನ್ನ ಹೆಸರು ಕೊಡದ ಟೀಚರ್

ಮೈದಾ ಹಿಟ್ಟನ್ನು ನೀರಿನಲ್ಲಿ ಕುದಿಸಿ ಗೋಂದು ಮಾಡುವಾಗ ಒಂದು ವಾಸನೆ ಬರುತ್ತದಲ್ಲ, ಹಸಿಹಸಿ, ಸ್ವಲ್ಪ ತಳ ಹಿಡಿದ ಹಾಗೆ... ಮೊನ್ನೆ ಕಲ್ಲೂರಿನ ಬಸ್ ಸ್ಟಾಪಿನ ಹಿಂದೆ ಪೋಸ್ಟರ್ ಅಂಟಿಸುವವರು ಡಬ್ಬದಲ್ಲಿ ಅದನ್ನೇ ಕುದಿಸುತ್ತಿದ್ದರು. ಬತ್ತೇರಿಯ ಬಸ್ಸು ಬಂದು ನಿಂತು ಹೋಯಿತು, ನಾನು ಹತ್ತಲಿಲ್ಲ. ಪಕ್ಕದ ಮನೆಯ ಟೀಚರ್ ನೆನಪಾಗಿಬಿಟ್ಟರು. ಅವರ ಅಡುಗೆಮನೆಯಲ್ಲೂ ಇದೇ ವಾಸನೆ. ಪೇಪರಿನಲ್ಲಿ ಬಂದ ಚಿತ್ರ ಕತ್ತರಿಸಿ ಅಂಟಿಸುವುದು ಅವರಿಗಿದ್ದ ಒಂದೇ ಹುಚ್ಚು.

ಅವರು ಶಾಲೆಯಲ್ಲಿ ಡ್ರಾಯಿಂಗ್ ಕಲಿಸುತ್ತಿದ್ದರು, ಭಾನುವಾರ ಚರ್ಚಿನಲ್ಲಿ ಮಕ್ಕಳಿಗೆ ಬೈಬಲ್ ಕತೆ ಹೇಳುತ್ತಿದ್ದರು. ನಾವು ಗುಂಡ್ಲುಪೇಟೆ ಕಡೆಯಿಂದ ಗಡಿ ದಾಟಿ ಈ ಮಲಯಾಳದ ಊರಿಗೆ ಬಂದು ನಿಂತವರು. ಜಗಲಿಯ ಮೇಲೆ ನನ್ನ ಹೊಲಿಗೆ ಮಿಷನ್ನು, ಬೇಲಿಯಾಚೆ ಅವರ ಮನೆ. ನನ್ನ ಜೊತೆ ಅರ್ಧ ಮಲಯಾಳ ಅರ್ಧ ಕನ್ನಡ ಸೇರಿಸಿ ಮಾತಾಡುತ್ತಿದ್ದರು. ನನ್ನನ್ನು ‘ಮೋಳೇ’ ಅನ್ನುತ್ತಿದ್ದರು, ಮಗಳೇ ಅಂತ. ಹೆತ್ತ ತಾಯಿಯೂ ನನ್ನನ್ನು ಅಷ್ಟು ಅಕ್ಕರೆಯಿಂದ ಕರೆದದ್ದಿಲ್ಲ.

ಅವರದು ಅಜ್ಜಿಯಿಂದ ಬಂದ ಹೆಸರು, ಬೈಬಲಿನ ನವೋಮಿಯ ಹೆಸರು. ನಾವ್ಯಾರೂ ಆ ಹೆಸರು ಹಿಡಿದು ಕರೆದವರಲ್ಲ, ಎಲ್ಲರಿಗೂ ಅವರು ಟೀಚರ್ ಅಷ್ಟೇ. ಹೀಬ್ರೂ ಭಾಷೆಯಲ್ಲಿ ಹಿತವಾದವಳು ಅಂತ ಅದರ ಅರ್ಥವಂತೆ. ಆದರೆ ಬೈಬಲಿನ ಆ ಹೆಂಗಸಿಗೆ ಹಿತ ಎಲ್ಲಿ ಬಂತು? ಬರ ಬಂತೆಂದು ಪರನಾಡಿಗೆ ಹೋದಳು, ಅಲ್ಲಿ ಗಂಡ ಸತ್ತ, ಗಂಡುಮಕ್ಕಳಿಬ್ಬರೂ ಸತ್ತರು. ಊರಿಗೆ ತಿರುಗಿ ಬಂದವಳು, ನನ್ನನ್ನು ಹಳೆಯ ಹೆಸರಿನಿಂದ ಕರೆಯಬೇಡಿ, ಕಹಿ ಅಂತ ಕರೆಯಿರಿ ಅಂದಳಂತೆ.

ಟೀಚರ್ ಗಂಡ ತೀರಿಕೊಂಡಾಗ ಮಗ ಇನ್ನೂ ಶಾಲೆಗೆ ಹೋಗುತ್ತಿದ್ದ. ಹೆಸರಿನ ದೋಷ ಅಂತ ಯಾರೋ ಆಗಲೇ ಆಡಿಕೊಂಡರು. ಟೀಚರ್ ಜಗಳಕ್ಕೆ ಹೋಗಲಿಲ್ಲ. ತಮ್ಮ ಹೆಸರಿನವರನ್ನು ಹುಡುಕತೊಡಗಿದರು. ಸ್ಟೀಲ್ ಬೀರುವಿನ ಬಾಗಿಲ ಒಳಮೈಗೆ ಒಂದೊಂದಾಗಿ ಅಂಟಿಸಿದರು. ಮೇಲೆ ಕ್ಯಾಲೆಂಡರಿನಿಂದ ಕತ್ತರಿಸಿದ ಬೈಬಲಿನ ನವೋಮಿ, ಗಂಟು ಹೊತ್ತು ನಡೆಯುತ್ತಿರುವವಳು, ಕೈ ಹಿಡಿದುಕೊಂಡು ಸೊಸೆ. ಅದರ ಕೆಳಗೆ ಯಾವುದೋ ದೇಶದ ಚಿತ್ರಗಾರ್ತಿ, ತನಗಿಂತ ಎತ್ತರದ ಚಿತ್ರದ ಮುಂದೆ ಏಣಿ ಹತ್ತಿ ನಿಂತು ನಗುತ್ತಿದ್ದಳು. ಮತ್ತೊಬ್ಬಳು ನದಿ ಉಳಿಸಲು ರಸ್ತೆಯಲ್ಲಿ ಕೂತವಳು, ನಾಲ್ಕು ಜನ ಪೊಲೀಸರು ಕೈಕಾಲು ಹಿಡಿದು ಎತ್ತಿಕೊಂಡು ಹೋಗುತ್ತಿದ್ದಾರೆ, ಅವಳ ಬಾಯಿ ಮಾತ್ರ ಮುಚ್ಚಿಲ್ಲ. ಅವಳನ್ನು ತೋರಿಸಿ, ಇವಳು ನಿನ್ನ ಹಾಗೆ ಅಂತ ನನ್ನನ್ನು ಕಾಡಿಸುತ್ತಿದ್ದರು. ಹೆಸರು ಒಂದೇ, ಹಣೆಬರಹ ಬೇರೆ ಬೇರೆ ಅನ್ನುವುದು ಅವರ ವಾದ.

ಮಗ ಬೆಳೆದ, ಮದುವೆಯಾದ. ಇಲ್ಲಿನ ಎಷ್ಟೋ ಜನರ ಹಾಗೆ ಗಡಿ ದಾಟಿ ಕರ್ನಾಟಕದಲ್ಲಿ ಜಮೀನು ಗುತ್ತಿಗೆ ಹಿಡಿದು ಶುಂಠಿ ಹಾಕಿದ. ಹೊಲದ ಶೆಡ್ಡಿನಲ್ಲೇ ಮಲಗುತ್ತಿದ್ದವನಿಗೆ ಜ್ವರ ಬಂತು. ಶುಂಠಿ ಕೀಳುವುದೊಂದು ಮುಗಿಯಲಿ ಅಂತ ಮಾತ್ರೆ ನುಂಗಿಕೊಂಡು ದಿನ ತಳ್ಳಿದ. ಮನೆಗೆ ಬಂದ ಮೂರನೆಯ ದಿನಕ್ಕೆ ಹೋಗಿಬಿಟ್ಟ. ಹೆಂಡತಿಗೆ ಆಗ ಮೂರು ತಿಂಗಳು.

ಹೆಣ್ಣು ಮಗು ಹುಟ್ಟಿತು. ಅವರಲ್ಲಿ ಒಂದು ಪದ್ಧತಿ ಇದೆ. ಮೊದಲ ಹೆಣ್ಣುಮಗುವಿಗೆ ಅಪ್ಪನ ತಾಯಿಯ ಹೆಸರು, ಎರಡನೆಯದಕ್ಕೆ ಅಮ್ಮನ ತಾಯಿಯ ಹೆಸರು. ಹೆಸರು ಕೊಟ್ಟರೆ ಈ ಮಗು ನಮ್ಮ ಮನೆಯದು ಅಂತ ಊರ ಮುಂದೆ ಹೇಳಿದ ಹಾಗೆ. ಸೊಸೆಯ ತವರಿನವರಿಗೆ ಇಷ್ಟವಿರಲಿಲ್ಲ, ಆದರೆ ಆ ಹುಡುಗಿ ಗಟ್ಟಿ. ಅಮ್ಮಚ್ಚಿಯ, ಅಂದರೆ ಅಪ್ಪನ ತಾಯಿಯ, ಹೆಸರೇ ಆಗಬೇಕು ಅಂದಳು. ಟೀಚರ್ ಮುಖದಲ್ಲಿ ಎಷ್ಟೋ ತಿಂಗಳ ಮೇಲೆ ಗೆಲುವು ಕಂಡೆ. ಮಾಮೋದೀಸದ ದಿನ, ಅಂದರೆ ಚರ್ಚಿನಲ್ಲಿ ಮಗುವಿಗೆ ನೀರು ಹಾಕಿ ಹೆಸರಿಡುವ ದಿನ, ತಲತೊಟ್ಟಮ್ಮನಾಗಿ ಮಗುವನ್ನು ಎತ್ತಿಕೊಂಡು ಹೆಸರು ಹೇಳಬೇಕಾದವರೂ ಅವರೇ. ಬಿಳಿ ಫ್ರಾಕ್ ಹೊಲಿಯುವ ಕೆಲಸ ನನ್ನದು.

ಹಿಂದಿನ ದಿನ ಫ್ರಾಕ್ ತೆಗೆದುಕೊಂಡು ಹೋಗಲು ಬಂದರು. ಆಗಲೇ ನನ್ನ ಎಲುಬಿಲ್ಲದ ನಾಲಿಗೆ ಹೊರಳಿದ್ದು. ನಮ್ಮ ಜನರಲ್ಲಿ ಮಕ್ಕಳು ಉಳಿಯದ ಮನೆಯಲ್ಲಿ ತಿಪ್ಪ, ಗುಂಡ ಅಂತ ಹೆಸರಿಡುತ್ತಾರೆ, ಯಮನ ಕಣ್ಣು ತಪ್ಪಲಿ ಅಂತ. ನನ್ನ ತಾತನೇ ತಿಪ್ಪಯ್ಯ, ಐದು ಮಕ್ಕಳು ಹೋದ ಮೇಲೆ ಉಳಿದವನು. ಅದನ್ನೆಲ್ಲ ದೊಡ್ಡ ತಿಳಿದವಳ ಹಾಗೆ ಹೇಳಿದೆ. ಹೇಳಿ ಅಲ್ಲಿಗಾದರೂ ಬಿಟ್ಟೆನೇ?

“ಗಂಡನ್ನೂ ಕಳಕೊಂಡ್ರಿ, ಮಗನ್ನೂ ಕಳಕೊಂಡ್ರಿ. ಕತೇಲೂ ಹಂಗೇ ಅಲ್ವಾ ಟೀಚರೇ? ಇದೊಂದ್ ಕೂಸು ಉಳ್ಕಂಡದೆ. ಅದ್ಕೂ ಅದೇ ಹೆಸ್ರು ಯಾಕೆ?”

ಅವರು ಫ್ರಾಕನ್ನು ಮಡಿಸಿದರು, ಬಿಡಿಸಿದರು, ಮತ್ತೆ ಮಡಿಸಿದರು. ಹೊಲಿಗೆ ಚೆನ್ನಾಗಿದೆ ಅಂದು ಹೊರಟುಹೋದರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅಂತ ಗಾದೆ ಸುಮ್ಮನೆ ಮಾಡಿಲ್ಲ.

ಮಾರನೆಯ ದಿನ ಚರ್ಚಿನಲ್ಲಿ ನಾನು ಹಿಂದಿನ ಬೆಂಚಿನಲ್ಲಿದ್ದೆ. ಮಗುವಿನ ಹೆಸರೇನು ಅಂತ ಅಚ್ಚನ್, ಅವರ ಪಾದ್ರಿ, ಕೇಳಿದರು. ಟೀಚರ್ ಮಗುವಿನ ಫ್ರಾಕ್ ಸರಿಮಾಡುತ್ತ ನಿಂತರು. ಅಚ್ಚನ್ ಇನ್ನೊಮ್ಮೆ ಕೇಳಿದರು. ಆಗ ಟೀಚರ್ ಸ್ಪಷ್ಟವಾಗಿ ಸೊಸೆಯ ತಾಯಿಯ ಹೆಸರು ಹೇಳಿದರು. ಚರ್ಚಿನ ತುಂಬ ಗುಸುಗುಸು. ಮಗುವನ್ನು ತವರಿನವರ ಮಡಿಲಿಗೆ ಹಾಕಿ ಕೈ ತೊಳೆದುಕೊಂಡಳು ಅಂತ ನನ್ನ ಮುಂದಿನ ಬೆಂಚಿನವರೇ ಅಂದರು. ಸೊಸೆ ತಲೆ ಎತ್ತಲಿಲ್ಲ, ಕಣ್ಣೀರು ಸೀರೆಯ ಮೇಲೆ ಬೀಳುತ್ತಿತ್ತು.

ಸಂಜೆ ನಾನೇ ಬೇಲಿ ದಾಟಿ ಹೋದೆ. ಬೀರುವಿನ ಬಾಗಿಲು ತೆರೆದಿತ್ತು. ಚಿತ್ರಗಳನ್ನೆಲ್ಲ ಕಿತ್ತು ಹಾಕಿದ್ದರು, ಒಣಗಿದ ಗೋಂದಿನ ಕಲೆ ಮಾತ್ರ ಉಳಿದಿತ್ತು. ನಾನು ಅತ್ತೆ. ಅವರು ಅಳಲಿಲ್ಲ.

“ಕುಟ್ಟಿ ಬದುಕಲಿ ಮೋಳೇ, ಕೂಸು ಬದುಕಲಿ. ನನ್ನ ಪೇರು ನನ್ನ ಜೊತೆ ಹೋಗಲಿ,” ಅಂದರು. ಯಾರಿಗೂ ಹೇಳಬೇಡ ಅಂತ ನನ್ನಿಂದ ಮಾತು ತೆಗೆದುಕೊಂಡರು. ಮಕ್ಕಳಿಗೆ ಬೈಬಲ್ ಕಲಿಸುವವಳೇ ಇಂಥದನ್ನು ನಂಬಿದಳು ಅಂತ ಜನ ನಗಬಾರದು, ಅದು ಒಂದು ಕಾರಣ. ನನ್ನ ಮೇಲೆ ಯಾರೂ ಬೆರಳು ತೋರಿಸಬಾರದು, ಅದು ಇನ್ನೊಂದು. ಅದನ್ನು ಅವರು ಹೇಳಲಿಲ್ಲ, ನನಗೆ ಗೊತ್ತಿತ್ತು.

ಸೊಸೆ ಮಗುವನ್ನು ಕರೆದುಕೊಂಡು ಪುಲ್ಪಳ್ಳಿಯ ತವರಿಗೆ ಹೋದಳು. ಆಮೇಲೆ ಬೇರೆ ಮದುವೆಯೂ ಆಯಿತು. ಪ್ರತಿ ಕ್ರಿಸ್ಮಸ್ಸಿಗೆ ಟೀಚರ್ ನನ್ನ ಕೈಯಲ್ಲಿ ಫ್ರಾಕ್ ಹೊಲಿಸಿ ಕಳಿಸುತ್ತಿದ್ದರು. ಅಳತೆ ಎಲ್ಲಿಂದ ಬರಬೇಕು? ಅದೇ ವಯಸ್ಸಿನ ಯಾವುದಾದರೂ ಮಗು ರಸ್ತೆಯಲ್ಲಿ ಕಂಡರೆ ನಿಲ್ಲಿಸಿ, ಬೆನ್ನಿನ ಮೇಲೆ ಗೇಣು ಹಾಕಿ ನೋಡಿಕೊಂಡು ಬರುತ್ತಿದ್ದರು. ಒಮ್ಮೆಯೂ ಆ ಕಡೆಯಿಂದ ಒಂದು ಮಾತು ಬರಲಿಲ್ಲ... ಕೊನೆಗೆ ಹಾಸಿಗೆ ಹಿಡಿದಾಗ ನಾನೇ ಫೋನ್ ಮಾಡಿ, ಮಗುವನ್ನು ಒಮ್ಮೆ ಕಳಿಸಿ ಅಂತ ಬೇಡಿಕೊಂಡೆ. ನೋಡುತ್ತೇನೆ ಅಂದಳು ಸೊಸೆ. ಯಾರೂ ಬರಲಿಲ್ಲ. ಹನ್ನೊಂದು ದಿನ ಬಾಗಿಲ ಕಡೆಗೇ ಮುಖ ಮಾಡಿ ಮಲಗಿದ್ದು ಟೀಚರ್ ತೀರಿಕೊಂಡರು. ಕಲ್ಲು ಮನಸ್ಸಿನವಳು ಅಂತ ಆ ಸೊಸೆಯನ್ನು ನಾನು ಬೈದದ್ದು ಅಷ್ಟಿಷ್ಟಲ್ಲ.

ಆ ಗೋಂದಿನ ವಾಸನೆಗೆ ಬಸ್ ತಪ್ಪಿಸಿಕೊಂಡು ಬಂದ ಎರಡು ದಿನಕ್ಕೆ, ಈ ಭಾನುವಾರ, ಮನೆಯ ಮುಂದೆ ಒಂದು ಸ್ಕೂಟರ್ ನಿಂತಿತು. ಹುಡುಗಿಯೊಬ್ಬಳು ಇಳಿದು ಹೆಲ್ಮೆಟ್ ತೆಗೆದಳು. ಟೀಚರದೇ ಮೂಗು, ಅದೇ ಹಣೆ. ನರ್ಸಿಂಗ್ ಓದುತ್ತಿದ್ದಾಳಂತೆ. ಕೊಟ್ಟ ಚಹಾ ಕುಡಿಯದೆ ಕೂತಿದ್ದಳು. ಆಮೇಲೆ ಕೇಳಿದಳು, “ಅಮ್ಮಚ್ಚಿಗೆ ನಾನು ಬೇಡವಾಗಿದ್ದೆನಾ ಆಂಟಿ? ಹೆಸರು ಕೊಡುವುದಕ್ಕೂ ಬೇಡವಾಗಿದ್ದೆನಾ?”

ಕೊಟ್ಟ ಮಾತು ಮುರಿದೆ. ತಾತ ತಿಪ್ಪಯ್ಯನಿಂದ ಹಿಡಿದು ನಾನು ಆಡಿದ ಮಾತಿನವರೆಗೆ ಎಲ್ಲ ಹೇಳಿದೆ, ಒಂದನ್ನೂ ಮುಚ್ಚಿಡಲಿಲ್ಲ. ನಿನ್ನ ಜೀವ ಉಳಿಯಲಿ ಅಂತ ಹಾಗೆ ಮಾಡಿದರು ಕಣಮ್ಮಾ ಅಂದೆ. ಬೈಯುತ್ತಾಳೆ ಅಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು.

ಅವಳು ಅಂಗಳದ ಕಡೆ ಮುಖ ತಿರುಗಿಸಿ ಮೆಲ್ಲಗೆ ಹೇಳಿದಳು, “ನೀವು ಫೋನ್ ಮಾಡಿದ ದಿನ ಅಮ್ಮ ಹೊರಟು ನಿಂತಿದ್ದರು. ಬರಲ್ಲ ಅಂದದ್ದು ನಾನು.”

ಅವಳಿಗೆ ಆಗ ಹನ್ನೆರಡು ವರ್ಷ. ಅಷ್ಟು ವರ್ಷ ಬೇಲಿಯ ಈಚೆ ಮಿಷನ್ ತುಳಿಯುತ್ತ ಫ್ರಾಕ್ ಹೊಲಿದೆನೇ ಹೊರತು, ಒಂದು ದಿನ ಪುಲ್ಪಳ್ಳಿಯ ಬಸ್ ಹತ್ತಿ ಹೋಗಿ ಇದನ್ನು ಹೇಳಿ ಬರಲಿಲ್ಲ. ಹೇಳಿದ್ದರೆ ಬರುತ್ತಿದ್ದಳು. ಟೀಚರ್ ಕಣ್ಣು ತೆರೆದಿದ್ದಾಗಲೇ ಬರುತ್ತಿದ್ದಳು.